ಮೂಗಿಲ್ಲದ ವಾತಾಪಿ

ಕೈಗೂಸಿಗೆ ಹಾಲುಣಿಸಿದ ಬಳಿಕ ಅದರ ಹೊಟ್ಟೆಯನ್ನು ಮೆಲ್ಲನೆ ನೀವುತ್ತ, ವಾತಾಪಿ ಅರಗಿದಂತೆ ಉಂಡದ್ದೆಲ್ಲ ಅರಗಲಿ ಎಂದು ಹರಸುವ ಅಜ್ಜಿಯರು ನಮ್ಮ ಮನೆಗಳಲ್ಲಿ ಇನ್ನೂ ಉಂಟು. ಕಥೆ ಎಲ್ಲರೂ ಬಲ್ಲದ್ದೇ. ಇಲ್ವಲನೆಂಬ ರಾಕ್ಷಸನು ತನ್ನ ತಮ್ಮನಾದ ವಾತಾಪಿಯನ್ನು ಟಗರಾಗಿಸಿ, ಕೊಯ್ದು, ಅಟ್ಟು ಅತಿಥಿಗೆ ಬಡಿಸುವನು. ಅತಿಥಿಯು ಉಂಡು ಕೈತೊಳೆಯುವ ಹೊತ್ತಿಗೆ ತಮ್ಮನನ್ನು ಹೆಸರು ಹಿಡಿದು ಕೂಗುವನು. ತಮ್ಮನು ಹೊಟ್ಟೆಯನ್ನು ಸೀಳಿಕೊಂಡು ಹೊರಬರುವನು. ಅಗಸ್ತ್ಯರ ಮುಂದೆ ಮಾತ್ರ ಈ ಆಟ ನಡೆಯಲಿಲ್ಲ. ಅಣ್ಣನು ಕೂಗುವ ಮೊದಲೇ ಋಷಿಯ ಜಠರಾಗ್ನಿಯು ತಮ್ಮನನ್ನು ಅರಗಿಸಿಬಿಟ್ಟಿತ್ತು.

ಜಠರಾಗ್ನಿ ಎಂಬ ಮಾತು ಬರಿಯ ಅಲಂಕಾರವಲ್ಲ. ನಮ್ಮ ಜಠರದ ಗೋಡೆಯಲ್ಲಿರುವ ಗ್ರಂಥಿಗಳು ಹೈಡ್ರೋಕ್ಲೋರಿಕ್ ಆಮ್ಲವನ್ನು ಸುರಿಸುತ್ತವೆ. ಊಟದೊಂದಿಗೆ ಒಳಹೊಕ್ಕ ಕ್ರಿಮಿಗಳಲ್ಲಿ ಬಹುಪಾಲು ಅಲ್ಲಿಯೇ ಸಾಯುತ್ತವೆ. ಇಂಥ ಸ್ಥಳದಲ್ಲಿ ಯಾವ ಜೀವಿಯೂ ಮನೆ ಮಾಡಿಕೊಂಡಿರಲಾರದೆಂದು ವೈದ್ಯಶಾಸ್ತ್ರವು ಬಹುಕಾಲ ನಂಬಿತ್ತು. ಆದರೆ ಅರಗದ ವಾತಾಪಿಯೊಂದು ಉಂಟು. ಲೋಕದ ಜನರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಯ ಜಠರದಲ್ಲಿ ಅದು ವಾಸವಾಗಿದೆ. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಉದ್ದ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು. ಮೈ ತಿರುಪಿನಂತೆ ಸುರುಳಿ. ಒಂದು ತುದಿಯಲ್ಲಿ ನಾಲ್ಕಾರು ಎಳೆಗಳ ಬಾಲ. ಕಣ್ಣಿಲ್ಲ, ಮೂಗಿಲ್ಲ, ಮಿದುಳಂತೂ ಇಲ್ಲವೇ ಇಲ್ಲ. ಆದರೂ ಆ ಆಮ್ಲದ ಮಡುವಿನಲ್ಲಿ ತಾನು ಯಾವ ಕಡೆಗೆ ಹೋಗಬೇಕೆಂಬುದನ್ನು ಅದು ಕಂಡುಕೊಳ್ಳುತ್ತದೆ. ಹೇಗೆ ಕಂಡುಕೊಳ್ಳುತ್ತದೆ ಎಂಬುದೇ ಈ ವಾರದ ವಿಷಯ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ, ನನ್ನ ಸೋದರಮಾವನಿಂದ. ನಾನು ಹುಡುಗನಾಗಿದ್ದಾಗ ಅವರು ನಡುರಾತ್ರಿಯಲ್ಲಿ ಎದ್ದು, ಹೊಟ್ಟೆಯನ್ನು ಅವುಚಿ ಹಿಡಿದು, ಅಡಿಗೆಮನೆಯ ಕತ್ತಲಲ್ಲಿ ತಣ್ಣನೆಯ ಹಾಲು ಕುಡಿಯುತ್ತಿದ್ದುದನ್ನು ಕಂಡಿದ್ದೇನೆ. ಮನೆಮಂದಿಯ ತೀರ್ಪು ಒಂದೇ: ಖಾರ ತಿನ್ನುತ್ತಾನೆ, ಸಿಟ್ಟು ಮಾಡುತ್ತಾನೆ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ. ಮಾವ ಮೆಣಸಿನಕಾಯಿಯನ್ನು ಬಿಟ್ಟರು, ಕಾಫಿಯನ್ನು ಬಿಟ್ಟರು, ಕೊನೆಗೆ ಸಿಟ್ಟನ್ನೂ ಒಂದಿಷ್ಟು ಬಿಟ್ಟರು. ಹುಣ್ಣು ಮಾತ್ರ ಅವರನ್ನು ಬಿಡಲಿಲ್ಲ. ಹತ್ತು ವರ್ಷಕಾಲ ಮಜ್ಜಿಗೆಯನ್ನ ಉಂಡ ಆ ಮನುಷ್ಯ ರೋಗವನ್ನಷ್ಟೇ ಅಲ್ಲ, ಅದು ತನ್ನ ನಾಲಗೆಯ ಚಾಪಲ್ಯದಿಂದ ಬಂದದ್ದೆಂಬ ಅಪವಾದವನ್ನೂ ಹೊತ್ತಿದ್ದರು.

ಆ ಅಪವಾದವನ್ನು ತೊಡೆಯತಕ್ಕ ಸಂಗತಿಯು ಅದಕ್ಕೆಷ್ಟೋ ಮೊದಲೇ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ನಡೆದುಹೋಗಿತ್ತು. 1979ರಲ್ಲಿ ಅಲ್ಲಿನ ರಾಯಲ್ ಪರ್ತ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ ಎಂಬವರು ಜಠರದ ಒಳಪೊರೆಯ ತುಣುಕೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಇರಬಾರದ ಕಡೆಯಲ್ಲಿ ಬಾಗಿದ ಅಣುಜೀವಿಗಳ ಗುಂಪನ್ನು ಕಂಡರು. ಎರಡು ವರ್ಷಗಳ ಮೇಲೆ ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯರು ಅವರ ಜೊತೆಗೂಡಿದರು. ಅಣುಜೀವಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ಮಾಡಿದ ಪ್ರಯತ್ನಗಳೆಲ್ಲ ವಿಫಲವಾದವು. ಎರಡು ದಿನ ಕಾದು, ಏನೂ ಬೆಳೆಯಲಿಲ್ಲವೆಂದು ತಟ್ಟೆಗಳನ್ನು ಎಸೆಯುವುದು ವಾಡಿಕೆ. 1982ರ ಈಸ್ಟರ್ ಹಬ್ಬದ ರಜೆಯಲ್ಲಿ ತಟ್ಟೆಗಳು ಹಾಗೆಯೇ ಉಳಿದುಹೋದವು. ರಜೆ ಮುಗಿದು ನೋಡಿದರೆ ಅಣುಜೀವಿ ಬೆಳೆದು ಕುಳಿತಿತ್ತು! ಮೇಷ್ಟರುಗಳಿಗೆ ರಜೆ ಹೆಚ್ಚೆಂದು ಆಡಿಕೊಳ್ಳುವವರು ಇದನ್ನು ಗಮನಿಸಬೇಕು. ಹುಣ್ಣಿಗೆ ಈ ಜೀವಿಯೇ ಕಾರಣವೆಂದರೆ ಪಂಡಿತರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಅವರು ಅಣುಜೀವಿಗಳು ತುಂಬಿದ ದ್ರವವನ್ನು ತಾವೇ ಕುಡಿದರು. ಕೆಲವು ದಿನಗಳಲ್ಲಿ ವಾಂತಿ ಹಿಡಿಯಿತು; ಹತ್ತನೆಯ ದಿನ ನಳಿಕೆ ಇಳಿಸಿ ನೋಡಿದಾಗ ಜಠರದ ಒಳಪೊರೆಯು ಉರಿಯೂತದಿಂದ ಬಾತುಕೊಂಡಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಜಠರದ ಹುಣ್ಣುಗಳೆಲ್ಲಕ್ಕೂ ಇದೊಂದೇ ಕಾರಣವೆಂದಲ್ಲ. ಕೆಲವು ನೋವುನಿವಾರಕ ಮಾತ್ರೆಗಳೂ ಹುಣ್ಣು ತರುತ್ತವೆ. ಆದರೆ ಬಹುಮಂದಿಯ ಪಾಲಿಗೆ ಮೆಣಸಿನಕಾಯಿ ನಿರಪರಾಧಿ.

ಇಷ್ಟು ಈಗ ಅನೇಕರು ಬಲ್ಲ ಕಥೆ. ನಾನು ಹೇಳಹೊರಟದ್ದು ಅದರ ಮುಂದಿನದನ್ನು.

ಈ ಜೀವಿಯು ಆಮ್ಲದಲ್ಲಿ ವಾಸಿಸುತ್ತದೆ ಎಂದು ಹೇಳುವುದು ಪೂರ್ತಿ ಸರಿಯಲ್ಲ. ಜಠರದ ನಡುಭಾಗದ ರಸದಲ್ಲಿ ಅದನ್ನು ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಅದರ ಈಜು ನಿಂತುಹೋಗುತ್ತದೆ. ಈಜು ನಿಂತರೆ ಆಹಾರದ ಜೊತೆಯಲ್ಲಿ ಕೊಚ್ಚಿಕೊಂಡು ಹೋಗುವುದೇ ಗತಿ. ಆದರೆ ಜಠರವು ತನ್ನ ಆಮ್ಲದಿಂದ ತಾನೇ ಸುಡದಿರಲೆಂದು ಗೋಡೆಗೆ ದಪ್ಪನೆಯ ಲೋಳೆಯನ್ನು ಬಳಿದುಕೊಂಡಿರುತ್ತದಷ್ಟೆ? ಆ ಲೋಳೆಯ ಹೊರಮೈಯಲ್ಲಿ ಉಗ್ರವಾದ ಆಮ್ಲ. ಒಳಕ್ಕಿಳಿದಂತೆ ಆಮ್ಲ ತಗ್ಗುತ್ತ, ಗೋಡೆಯ ಮಗ್ಗುಲಲ್ಲಿ ನೀರಿನಂಥ ಸೌಮ್ಯತೆ. ಈ ಜೀವಿಗಳು ತಂಗುವುದು ಗೋಡೆಗೆ ತೀರ ಸಮೀಪದಲ್ಲಿ, ಮಿಲಿಮೀಟರಿನ ನಲವತ್ತರಲ್ಲೊಂದು ಪಾಲಿನೊಳಗೆ. ಅಲ್ಲಿಯೂ ನಿಶ್ಚಿಂತೆಯಿಲ್ಲ. ಲೋಳೆಯು ಎಡೆಬಿಡದೆ ಹೊಸದಾಗಿ ಒಸರುತ್ತ ಹಳೆಯದನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಇದ್ದಲ್ಲಿಯೇ ಇರಬೇಕಾದರೂ ಈಜುತ್ತಲೇ ಇರಬೇಕು, ಅದೂ ಸರಿಯಾದ ದಿಕ್ಕಿಗೆ.

ಆ ದಿಕ್ಕು ತಿಳಿಯುವುದೆಂತು? ಈ ಪ್ರಶ್ನೆಗೆ ಉತ್ತರದ ಮೊದಲ ಭಾಗವು ದೊರೆತದ್ದು ಜಠರದ ಜೀವಿಯಿಂದಲ್ಲ, ಅದಕ್ಕಿಂತ ಕೆಳಗೆ ಕರುಳಿನಲ್ಲಿರುವ ಈ. ಕೋಲಿ ಮೊದಲಾದ ಅದರ ನೆರೆಹೊರೆಯವರಿಂದ. 1880ರ ದಶಕದಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ವಿಲ್ಹೆಲ್ಮ್ ಫೆಫರ್ ಅವರು ಕೂದಲಿನಷ್ಟು ಸಣ್ಣ ಗಾಜಿನ ನಳಿಕೆಯಲ್ಲಿ ಮಾಂಸದ ಸಾರನ್ನು ತುಂಬಿ, ಅಣುಜೀವಿಗಳಿದ್ದ ಹನಿಯೊಳಗೆ ಇರಿಸಿ, ಅವು ನಳಿಕೆಯ ಬಾಯಿಗೆ ಮುತ್ತಿಕೊಳ್ಳುವುದನ್ನು ಕಂಡಿದ್ದರು. ಸುಮಾರು 80 ವರ್ಷಗಳ ನಂತರ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೂಲಿಯಸ್ ಆಡ್ಲರ್ ಅವರು ಅದೇ ನಳಿಕೆಯನ್ನು ಮತ್ತೆ ಕೈಗೆತ್ತಿಕೊಂಡರು. ಅಣುಜೀವಿಯು ತನಗೆ ಪುಷ್ಟಿಕೊಡುವ ವಸ್ತುವಿನತ್ತ ಹೋಗುತ್ತದೆ, ಇದರಲ್ಲೇನು ಸೋಜಿಗವೆಂದು ನಾವು ಕೇಳಬಹುದು. ಆಡ್ಲರ್ ಅವರು 1969ರಲ್ಲಿ ತೋರಿಸಿದ್ದು ಇದಕ್ಕಿಂತ ಸೂಕ್ಷ್ಮವಾದುದು. ಒಂದು ಬಗೆಯ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡ ತಳಿಯೂ ಆ ಸಕ್ಕರೆಯತ್ತ ಧಾವಿಸಿತು! ಎಂದರೆ, ಅದಕ್ಕೆ ಬೇಕಾದದ್ದು ತುತ್ತಲ್ಲ, ಸುಳಿವು. ಮೈಯಲ್ಲಿ ಹಸಿವಿನಿಂದ ಬೇರೆಯಾದ ಒಂದು ಇಂದ್ರಿಯವೇ ಇದೆ ಎಂದಾಯಿತು.

ಇಂಗ್ಲಿಷಿನಲ್ಲಿ ಈ ನಡೆಯನ್ನು ಕೀಮೊಟ್ಯಾಕ್ಸಿಸ್ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ರಸಾನುಸರಣವೆಂದು ಕರೆಯಲು ನನಗೆ ಆಸೆ. ರಸವೆಂದರೆ ದ್ರವವೂ ಹೌದು, ರುಚಿಯೂ ಹೌದು. ಕಾವ್ಯಮೀಮಾಂಸೆಯನ್ನು ಪಾಠ ಹೇಳುವವನಿಗೆ ಮೂರನೆಯ ಅರ್ಥವೂ ನೆನಪಾಗದೆ ಇರದು. ವಿಜ್ಞಾನದ ಅಧ್ಯಾಪಕಮಿತ್ರರು ನಗುವರೆಂಬ ಭಯದಿಂದ ಹೆಚ್ಚಿಗೆ ಒತ್ತಾಯಿಸುವುದಿಲ್ಲ.

ಸುಳಿವನ್ನು ಹಿಡಿದು ಅಣುಜೀವಿಯು ನಡೆಯುವ ಕ್ರಮ ಹೀಗೆ. ಪೇಟೆಯಲ್ಲಿ ಕಾಫಿಬೀಜ ಹುರಿಯುವ ಅಂಗಡಿಯನ್ನು ಕಣ್ಣು ಕಟ್ಟಿಕೊಂಡು ಹುಡುಕಬೇಕಾಗಿದೆ ಎಂದಿಟ್ಟುಕೊಳ್ಳಿ. ನಾಲ್ಕು ಹೆಜ್ಜೆ ನಡೆದು ಮೂಸುತ್ತೇವೆ. ಘಮಲು ಹೆಚ್ಚಿದರೆ ಹಾಗೆಯೇ ಮುಂದುವರಿಯುತ್ತೇವೆ, ತಗ್ಗಿದರೆ ತಿರುಗುತ್ತೇವೆ. ಅಣುಜೀವಿಯ ಮೈ ಎಷ್ಟು ಗಿಡ್ಡವೆಂದರೆ, ತಲೆಯ ಕಡೆಗೂ ಬಾಲದ ಕಡೆಗೂ ಇರುವ ವ್ಯತ್ಯಾಸವನ್ನು ಹೋಲಿಸಿ ನೋಡುವುದು ಅದಕ್ಕೆ ಆಗದ ಮಾತು. ಆದ್ದರಿಂದ ಅದು ಹೋಲಿಸುವುದು ಸ್ಥಳವನ್ನಲ್ಲ, ಕಾಲವನ್ನು. ಈಗ ಇರುವುದು ಒಂದು ಗಳಿಗೆಯ ಹಿಂದೆ ಇದ್ದುದಕ್ಕಿಂತ ಲೇಸೋ ಕೀಳೋ? ಲೇಸಾದರೆ ನೇರವಾದ ಓಟ. ಕೀಳಾದರೆ ಬಾಲದ ಮೋಟಾರು ತಿರುಗುಮುರುಗಾಗಿ, ಜೀವಿಯು ಒಮ್ಮೆ ಹೊರಳಿ, ಎತ್ತ ಬಂದರೆ ಅತ್ತ ಮುಖ ಮಾಡಿ ಮತ್ತೆ ಓಡುತ್ತದೆ. 1972ರಲ್ಲಿ ಹೊವರ್ಡ್ ಬರ್ಗ್ ಅವರು ಒಂಟಿ ಅಣುಜೀವಿಯ ಬೆನ್ನು ಹತ್ತುವ ಸೂಕ್ಷ್ಮದರ್ಶಕವನ್ನೇ ಕಟ್ಟಿ ಈ ಓಟವನ್ನೂ ಹೊರಳನ್ನೂ ಅಳೆದರು: ಓಟ ಸುಮಾರು ಒಂದು ಸೆಕೆಂಡು, ಹೊರಳು ಅದರ ಹತ್ತರಲ್ಲೊಂದು ಪಾಲು. ಮೋಟಾರು ಎಂದದ್ದು ಉಪಮೆಯಲ್ಲ. ಆ ಎಳೆಗಳು ಬುಡದಲ್ಲಿ ನಿಜವಾಗಿಯೂ ಗಿರ್ರನೆ ಸುತ್ತುತ್ತವೆ.

ಅದೇ ವರ್ಷ ಕ್ಯಾಲಿಫೋರ್ನಿಯದ ಮ್ಯಾಕ್‌ನಾಬ್ ಮತ್ತು ಕಾಶ್‌ಲ್ಯಾಂಡ್ ಎಂಬಿಬ್ಬರು ಅಣುಜೀವಿಗಳಿಗೆ ಒಂದು ಮೋಸ ಮಾಡಿದರು. ಅವು ಈಜುತ್ತಿದ್ದ ನೀರಿಗೆ ಅವಕ್ಕೆ ಇಷ್ಟವಾದ ಸೆರೀನ್ ಎಂಬ ಪದಾರ್ಥವನ್ನು ಫಕ್ಕನೆ, ಎಲ್ಲ ಕಡೆಯೂ ಸಮನಾಗಿ ಬೆರೆಯುವಂತೆ ಸೇರಿಸಿದರು. ಯಾವ ದಿಕ್ಕಿನಲ್ಲಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೂ ಎಲ್ಲ ಅಣುಜೀವಿಗಳೂ ಹೊರಳುವುದನ್ನು ಬಿಟ್ಟು, ತಾನೊಬ್ಬನೇ ಸರಿಯಾದ ದಾರಿ ಹಿಡಿದೆನೆಂಬಂತೆ ತಲೆಗೊಂದು ದಿಕ್ಕಿಗೆ ನೆಟ್ಟಗೆ ಓಡತೊಡಗಿದವು. ಈ ಪ್ರಯೋಗವನ್ನು ನೆನೆದಾಗಲೆಲ್ಲ ನನಗೆ ನಗೆಯೂ ಬರುತ್ತದೆ, ಸ್ವಲ್ಪ ಕನಿಕರವೂ ಆಗುತ್ತದೆ. ಮಿದುಳಿಲ್ಲದ ಜೀವಕ್ಕೂ ಕ್ಷಣಮಾತ್ರದ ನೆನಪು ಉಂಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಜಠರಕ್ಕೆ ಹಿಂದಿರುಗೋಣ. ನಮ್ಮ ವಾತಾಪಿಯು ಈ. ಕೋಲಿಯಂತೆ ಹೊರಳುವುದಿಲ್ಲ, ಮುಂದೆ ಓಡುತ್ತದೆ, ಸರಕ್ಕನೆ ಹಿಮ್ಮೆಟ್ಟುತ್ತದೆ, ಮತ್ತೆ ಓಡುತ್ತದೆ. ಅದರ ಮೈಯಲ್ಲಿ ಸುಳಿವು ಹಿಡಿಯುವ ಗ್ರಾಹಕಗಳು ನಾಲ್ಕು ಬಗೆ. ಅವಕ್ಕೆ ಮುಖ್ಯವಾಗಿ ಆಮ್ಲವೆಂದರೆ ಆಗದು. 2004ರಲ್ಲಿ ಜರ್ಮನಿಯ ವಿಜ್ಞಾನಿಗಳು ಒಂದು ಜಾತಿಯ ಮರುಭೂಮಿಯ ಇಲಿಗಳ ಜಠರದಲ್ಲಿ ಇದನ್ನು ಪರೀಕ್ಷಿಸಿದರು. ಲೋಳೆಯ ಹೊರಗೂ ಒಳಗೂ ಇರುವ ಆಮ್ಲದ ಏರಿಳಿತವನ್ನು ಅಳಿಸಿಹಾಕಿದೊಡನೆ, ಗೋಡೆಯ ಬಳಿ ನೆರೆದಿದ್ದ ಅಣುಜೀವಿಗಳು ದಿಕ್ಕುತಪ್ಪಿ ಲೋಳೆಯ ತುಂಬ ಚದುರಿಹೋದವು. ಯಾವ ಆಮ್ಲವನ್ನು ನಾವು ಅವುಗಳನ್ನು ಕೊಲ್ಲಲೆಂದು ಸುರಿಸುತ್ತೇವೋ, ಅದೇ ಅವಕ್ಕೆ ದಾರಿ ತೋರುವ ಕೈಕಂಬವಾಗಿತ್ತು.

ದೂಡುವ ವಸ್ತುವಿರುವಂತೆ ಸೆಳೆಯುವ ವಸ್ತುವೂ ಇದೆ. ಅದು ಯೂರಿಯಾ, ನಮ್ಮ ರೈತರು ಗದ್ದೆಗೆ ಎರಚುವ ಅದೇ ಯೂರಿಯಾ. ನಮ್ಮ ರಕ್ತದಲ್ಲಿ ಅದು ಸದಾ ಇರುತ್ತದೆ, ಜಠರದ ಗೋಡೆಯಿಂದ ಸ್ವಲ್ಪಸ್ವಲ್ಪವಾಗಿ ಒಸರುತ್ತದೆ. ಈ ಜೀವಿಯಲ್ಲಿ ಯೂರಿಯಾವನ್ನು ಒಡೆದು ಅಮೋನಿಯವನ್ನಾಗಿ ಮಾಡುವ ಯೂರಿಯೇಸ್ ಎಂಬ ಕಿಣ್ವ ಹೇರಳವಾಗಿದೆ. ಅಮೋನಿಯವು ಸುತ್ತಲಿನ ಆಮ್ಲವನ್ನು ಮುರಿಯುತ್ತದೆ; ಆಮ್ಲ ಮುರಿದೊಡನೆ ಗಟ್ಟಿ ಲೋಳೆಯು ನೀರಾಗಿ ದಾರಿ ಬಿಡುತ್ತದೆ. 2015ರಲ್ಲಿ ಅಮೆರಿಕದ ವಿಜ್ಞಾನಿಗಳು ಮಾನವ ಜಠರದ ಜೀವಕೋಶಗಳಿಂದ ಪ್ರಯೋಗಶಾಲೆಯಲ್ಲಿ ಬೆಳೆಸಿದ ಪುಟ್ಟ ಅಂಗಾಂಶಗಳನ್ನು ಬಳಸಿ, ಅವುಗಳಿಂದ ಹೊಮ್ಮುವ ಯೂರಿಯಾವೇ ಈ ಜೀವಿಯನ್ನು ಸೆಳೆಯುವ ಮುಖ್ಯ ವಸ್ತುವೆಂದು ತೋರಿಸಿದರು. ಸಾವಿರ ಲೀಟರು ನೀರಿಗೆ ಮೂರು ಮಿಲಿಗ್ರಾಂ ಯೂರಿಯಾ ಬೆರೆಸಿದರೂ ಅದರ ಅರಿವಿಗೆ ಬರುತ್ತದೆ. ಒಂದು ಚಿಟಿಕೆಗಿಂತ ಬಹಳ ಕಡಿಮೆ!

ಇಲ್ಲಿ ಒಂದು ಚಮತ್ಕಾರವಿದೆ. ಅಷ್ಟು ಚುರುಕಾದ ಇಂದ್ರಿಯವು ಯೂರಿಯಾ ತುಂಬಿದ ಕಡೆಯಲ್ಲಿ ಮರಗಟ್ಟಿಹೋಗಬೇಕಷ್ಟೆ? ಊದುಬತ್ತಿಯ ಅಂಗಡಿಯಲ್ಲಿ ಕುಳಿತವನಿಗೆ ಊದುಬತ್ತಿಯ ವಾಸನೆ ತಿಳಿಯದಂತೆ. ಈ ಜೀವಿಯು ತನ್ನ ಸುತ್ತಲಿನ ಯೂರಿಯಾವನ್ನು ಒಡೆಯುತ್ತ ಒಡೆಯುತ್ತ ಸಾಗುವುದರಿಂದ, ಗೋಡೆಯ ಕಡೆಯಿಂದ ಬರುವ ಹೊಸ ಸುಳಿವು ಸದಾ ಸ್ಪಷ್ಟವಾಗಿರುತ್ತದೆ. ಕಿಣ್ವವನ್ನು ಕಿತ್ತುಕೊಂಡರೆ ಅದು ಯೂರಿಯಾದತ್ತ ಹೋಗುವುದನ್ನೇ ಬಿಡುತ್ತದೆ. ಕವಚವೂ ಅದೇ, ಮೂಗಿನ ಕಸ ತೆಗೆಯುವ ಕರವಸ್ತ್ರವೂ ಅದೇ.

ಇಷ್ಟರವರೆಗೆ ಓದಿದಾಗ ನನಗೆ ಈ ಜೀವಿಯ ಬಗೆಗೆ ಒಂದು ಬಗೆಯ ಮೆಚ್ಚುಗೆಯೇ ಮೂಡಿತ್ತು. ಮುಂದಿನದನ್ನು ಓದಿದ ಮೇಲೆ ಮಾವನ ನಡುರಾತ್ರಿಯ ಹಾಲಿನ ಲೋಟ ಕಣ್ಣೆದುರು ಬಂದಿತು.

2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಗಳ ಜಠರದ ಒಳಮೈಗೆ ಲೇಸರ್ ಬೆಳಕಿನಿಂದ ಸೂಜಿಮೊನೆಗಿಂತಲೂ ಚಿಕ್ಕದಾದ ಗಾಯ ಮಾಡಿ, ಹೊಳೆಯುವ ಬಣ್ಣ ಹಚ್ಚಿದ ಅಣುಜೀವಿಗಳನ್ನು ಬಿಟ್ಟು ನೋಡಿದರು. ಐದು ನಿಮಿಷಗಳೊಳಗೆ ಅವು ಉಳಿದೆಲ್ಲ ಕಡೆಗಿಂತ ಹೆಚ್ಚಾಗಿ ಗಾಯದ ಸುತ್ತ ನೆರೆದವು; ನೆರೆದು, ಗಾಯ ಕೂಡಿಕೊಳ್ಳದಂತೆ ತಡೆದವು. ಈಜಬಲ್ಲ, ಆದರೆ ಸುಳಿವು ಹಿಡಿಯಲಾರದ ತಳಿಯನ್ನು ಬಿಟ್ಟಾಗ ಗಾಯವೂ ಗಾಯವಿಲ್ಲದ ಕಡೆಯೂ ಅದಕ್ಕೆ ಒಂದೇ ಆಗಿತ್ತು. ನ್ಯಾಯಕ್ಕಾಗಿ ಇದನ್ನೂ ಹೇಳಬೇಕು: ದಿಕ್ಕು ತಿಳಿಯದ ಆ ತಳಿಯೂ ಮಾಯುವುದನ್ನು ಸ್ವಲ್ಪಮಟ್ಟಿಗೆ ತಡೆಯಿತು. ಈಜನ್ನೇ ಅರಿಯದ ತಳಿಯಿಂದ ಮಾತ್ರ ಯಾವ ಕೇಡೂ ಆಗಲಿಲ್ಲ.

ಗಾಯವಾದಲ್ಲಿಗೆ ನಮ್ಮ ರಕ್ತದ ಬಿಳಿಯ ಕಣಗಳು ಕಾವಲುಗಾರರಂತೆ ಧಾವಿಸುತ್ತವೆ. ಅವುಗಳ ಆಯುಧಗಳಲ್ಲೊಂದು ಹೈಪೋಕ್ಲೋರಸ್ ಆಮ್ಲ. ಬಾವಿಯ ನೀರಿಗೆ ಬ್ಲೀಚಿಂಗ್ ಪೌಡರು ಹಾಕಿದಾಗ ಕ್ರಿಮಿಗಳನ್ನು ಕೊಲ್ಲುವುದು ಅದೇ ವಸ್ತು. ಅದನ್ನು ಕಂಡರೆ ಯಾವ ಅಣುಜೀವಿಯೂ ಓಡಿಹೋಗಬೇಕು. ಆದರೆ 2019ರಲ್ಲಿ ಅಮೆರಿಕದ ಓರೆಗನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಕಂಡುಕೊಂಡದ್ದು ಇದಕ್ಕೆ ವಿರುದ್ಧವಾದುದು. ನಮ್ಮ ವಾತಾಪಿಯು ಆ ವಸ್ತುವಿನತ್ತ ಸೆಳೆಯಲ್ಪಡುತ್ತದೆ! ಗೋಡೆ ಬಿರಿದ ಕಡೆಯೇ ಅದಕ್ಕೆ ಉಣಿಸು ದೊರೆಯುವ ಕಡೆ; ಬಿರಿದ ಕಡೆಯನ್ನು ತೋರಿಸಿಕೊಡುವುದು ಕಾವಲುಗಾರರ ದೀವಟಿಗೆ. ಕಳ್ಳನನ್ನು ಹಿಡಿಯಲು ಪೊಲೀಸರು ಊದಿದ ಸೀಟಿಯನ್ನೇ ಕೇಳಿಕೊಂಡು ಕಳ್ಳನು ಮನೆಯ ಗುರುತು ಹಿಡಿದಂತಾಯಿತು. ವರ್ಷಾನುಗಟ್ಟಲೆ ಕೆದರಿಕೊಂಡೇ ಇರುವ ಉರಿಯು ಹುಣ್ಣಿನಲ್ಲಿ ಮಾತ್ರ ಮುಗಿಯುವುದಿಲ್ಲ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು ಈ ಅಣುಜೀವಿಯನ್ನು ಮನುಷ್ಯರಲ್ಲಿ ಅರ್ಬುದ ತರುವ ಕಾರಣಗಳ ಸಾಲಿಗೆ ಸೇರಿಸಿತು. ಇದು ಇರುವವರಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲವೆಂಬುದು ಸಮಾಧಾನದ ಮಾತು.

ಅಗಸ್ತ್ಯರ ತಪೋಬಲವಿಲ್ಲದ ನಮಗೆ ಇರುವುದು ಮಾತ್ರೆಗಳು. ಆಮ್ಲವನ್ನು ತಗ್ಗಿಸುವ ಒಂದು ಔಷಧ, ಅದರ ಜೊತೆಗೆ ಅಣುಜೀವಿಯನ್ನು ಕೊಲ್ಲುವ ಎರಡು ಮೂರು ಔಷಧಗಳು, ಸಾಮಾನ್ಯವಾಗಿ ಎರಡು ವಾರಗಳವರೆಗೆ. ಈ ಔಷಧಗಳಲ್ಲಿ ಕೆಲವಕ್ಕೆ ಅಣುಜೀವಿಯು ಈಗೀಗ ಬಗ್ಗುತ್ತಿಲ್ಲ. ಜಠರದ ಗೋಡೆಯ ಗ್ರಂಥಿಗಳ ಕಿರಿದಾದ ಕುಳಿಗಳಲ್ಲಿ ಅದು ಅಡಗಿಯೂ ಕೂರುತ್ತದೆ. ಹಸುರು ಮತ್ತು ಕೆಂಪು ಬಣ್ಣದಿಂದ ಹೊಳೆಯುವ ಎರಡು ಬಳಗಗಳನ್ನು ಇಲಿಗಳಿಗೆ ಒಟ್ಟಿಗೆ ಉಣಿಸಿ ನೋಡಿದಾಗ, ಒಂದೊಂದು ಕುಳಿಯೂ ಒಂದೊಂದೇ ಬಣ್ಣದಿಂದ ತುಂಬಿತ್ತು. ಮೊದಲು ಹೊಕ್ಕ ಒಬ್ಬಿಬ್ಬರ ಸಂತಾನವೇ ಆ ಓಣಿಯನ್ನೆಲ್ಲ ಆಳುತ್ತದೆ. ತಡವಾಗಿ ಬಂದವರಿಗೆ ಅಲ್ಲಿ ಎಡೆಯಿಲ್ಲ. ಸುಳಿವು ಹಿಡಿಯಲಾರದ ತಳಿಗಳು ಇಂಥ ಕುಳಿಗಳನ್ನು ಸೇರುವುದು ಕಡಿಮೆ, ಅವುಗಳಿಂದಾಗುವ ಉರಿಯೂತವೂ ಕಡಿಮೆ ಎಂದು ಇಲಿಗಳಲ್ಲಿ ಕಂಡಿದ್ದಾರೆ. ಕೊಲ್ಲುವ ಬದಲು ದಿಕ್ಕುಗೆಡಿಸುವ ಔಷಧವನ್ನು ಕಂಡುಹಿಡಿಯಬಾರದೇಕೆ ಎಂಬ ಯೋಚನೆಗೆ ಮೂಲ ಇದೇ. ಅಂಥ ಮಾತ್ರೆಯು ಇನ್ನೂ ಅಂಗಡಿಗೆ ಬಂದಿಲ್ಲ.

ನನ್ನ ಮಾವನಿಗೆ ಎರಡು ವಾರದ ಮಾತ್ರೆಯೇ ಸಾಕಾಯಿತು. ನೆಂಟರೊಬ್ಬರ ಒತ್ತಾಯದಿಂದ ಕೊನೆಗೊಮ್ಮೆ ಪರೀಕ್ಷೆ ಮಾಡಿಸಿಕೊಂಡರು, ಮಾತ್ರೆ ನುಂಗಿದರು, ಗುಣವಾದರು. ಈಗ ಎಪ್ಪತ್ತು ದಾಟಿದೆ. ಮೆಣಸಿನಕಾಯಿ ಬಜ್ಜಿಯ ವಿಷಯದಲ್ಲಿ ಹತ್ತು ವರ್ಷದ ಬಾಕಿಯನ್ನು ಬಡ್ಡಿಸಹಿತ ವಸೂಲು ಮಾಡುತ್ತಿದ್ದಾರೆ. ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಜಗಲಿಯಲ್ಲಿ ಕುಳಿತು ಅವರಿಗೆ ಇದನ್ನೆಲ್ಲ ಹೇಳಿದೆ. ಗಾಯದ ಕಡೆಗೇ ಅದು ಹೋಗುವುದೆಂಬ ಮಾತಿಗೆ ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅಲ್ಲವೋ, ಇದು ನನ್ನ ಹೊಟ್ಟೆಯನ್ನು ಸೇರಿದ್ದಾದರೂ ಹೇಗೆ?" ಎಂದರು.

ಸಾಮಾನ್ಯವಾಗಿ ಇದು ಅಂಟುವುದು ಬಾಲ್ಯದಲ್ಲಿ, ಹೆಚ್ಚಾಗಿ ಮನೆಯವರಿಂದಲೇ ಎಂದೆ.

"ಹಾಗಾದರೆ ನಮ್ಮಮ್ಮ ಕೊಟ್ಟ ಕೈತುತ್ತಿನಲ್ಲಿ ಬಂದಿದ್ದರೂ ಬಂದಿರಬಹುದು ಅನ್ನು."

"ಇರಬಹುದು, ಮಾವ."

ಅವರು ಬಜ್ಜಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. "ನೀನೂ ಆ ಕೈತುತ್ತು ತಿಂದವನೇ ಕಣೋ. ಪರೀಕ್ಷೆ ಮಾಡಿಸಿದೆಯೋ?"

ಇನ್ನೂ ಮಾಡಿಸಿಲ್ಲ.